ಹಂಡೆಯ ನಾಡಿ ಹಿಡಿದವನು

ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ, ನಾಲಿಗೆಗೆ ಹತ್ತದ ಸರಕನ್ನು ಇಪ್ಪತ್ತೆಂಟು ವರ್ಷ ಕಾದವನಿಗೆ ಅನುಮಾನ ಬರದೆ ಇನ್ನೇನು ಬರುತ್ತದೆ? ಅಕ್ಕಿ ಮೂಟೆ ಕಾಯುವವನ ಪಾಡು ಸುಲಭ, ಮೂಟೆ ತೂತಾದರೆ ನೆಲದ ಮೇಲೆ ಕಾಳು ಬಿದ್ದಿರುತ್ತದೆ. ಎಣ್ಣೆ ಕಾಯುವವನಿಗೆ ಕಳ್ಳನ ಕೈಯ ಜಿಡ್ಡಾದರೂ ಸಾಕ್ಷಿ ಹೇಳುತ್ತದೆ. ಹೀಲಿಯಂ ಹಾಗಲ್ಲ. ಹೋದರೆ ಹೋಯಿತು. ಹೇಳದೆ ಕೇಳದೆ ಸೀದಾ ಮೇಲಕ್ಕೆ, ಆಕಾಶಕ್ಕೂ ಆಚೆಗೆ. ಮತ್ತೆ ಭೂಮಿಗೆ ಬರುವ ಮಾತೇ ಇಲ್ಲ.

ಗ್ಯಾಸ್ ಡಿಪೊದಲ್ಲಿ ಅವನನ್ನು ಎಲ್ಲರೂ ನಾಡಿಯಣ್ಣ ಅನ್ನುತ್ತಿದ್ದರು. ಸಂಬಳದ ಚೀಟಿಯ ಮೇಲೆ ಬೇರೆ ಹೆಸರಿತ್ತು, ಅದನ್ನು ಓದುವವರು ಯಾರು? ಅವನ ಕೆಲಸ ಹೀಲಿಯಂ ಹಂಡೆಯ ನಾಡಿ ನೋಡುವುದು. ಹಂಡೆ ಅಂದರೆ ಸ್ನಾನದ ಹಂಡೆಯಲ್ಲ. ಎದೆ ಎತ್ತರದ ಉಕ್ಕಿನ ಪಾತ್ರೆ, ಮನೆಯ ಥರ್ಮಾಸ್ ಫ್ಲಾಸ್ಕಿನ ದೊಡ್ಡಣ್ಣ. ಕೆಳಗೆ ನಾಲ್ಕು ಗಾಲಿ, ಮೇಲೆ ಕಿರಿದಾದ ಕುತ್ತಿಗೆ, ಕುತ್ತಿಗೆಯ ಪಕ್ಕದಲ್ಲಿ ಉಸಿರಾಡಲು ಒಂದು ವಾಲ್ವು, ಒತ್ತಡ ತೋರಿಸಲು ಒಂದು ಮುಳ್ಳು. ಒಳಗೆ ಇನ್ನೂರೈವತ್ತು ಲೀಟರು ದ್ರವ ಹೀಲಿಯಂ. ಅದರ ಥಂಡಿ ಎಷ್ಟೆಂದರೆ ನಾವು ಉಸಿರಾಡುವ ಗಾಳಿ ಅದರೊಳಗೆ ಹೊಕ್ಕರೆ ಕಲ್ಲಾಗಿ ಕೂರುತ್ತದೆ. ಅಷ್ಟು ಥಂಡಿಯಲ್ಲೂ ಅದು ಒಳಗೊಳಗೇ ಕುದಿದು ಆವಿಯಾಗುತ್ತಲೇ ಇರುತ್ತದೆ. ಮುಚ್ಚಳ ತೆಗೆದು ಇಣುಕಿ ನೋಡುತ್ತೇನೆ ಅನ್ನುವ ಹಾಗಿಲ್ಲ. ಹಾಗಾದರೆ ಎಷ್ಟಿದೆ ಅಂತ ತಿಳಿಯುವುದು ಹೇಗೆ?

ಅದಕ್ಕೇ ಕೊಳವೆ. ಪೆನ್ಸಿಲ್ಲಿಗಿಂತ ತೆಳ್ಳಗಿನ, ಆಳುದ್ದದ ಉಕ್ಕಿನ ಕೊಳವೆ. ಅದರ ತಲೆಯ ಮೇಲೆ ಪುಟ್ಟ ಬಟ್ಟಲು, ಬಟ್ಟಲಿನ ಬಾಯಿಗೆ ಬಿಗಿದು ಕಟ್ಟಿದ ರಬ್ಬರ್ ಪೊರೆ. ಕೊಳವೆಯನ್ನು ಹಂಡೆಯ ಕುತ್ತಿಗೆಯಲ್ಲಿ ಮೆಲ್ಲಗೆ ಇಳಿಸಬೇಕು, ಹೆಬ್ಬೆರಳನ್ನು ಪೊರೆಯ ಮೇಲೆ ಇಡಬೇಕು. ಕೊಳವೆಯ ತುದಿ ದ್ರವದಲ್ಲಿ ಮುಳುಗಿದ್ದರೆ ಪೊರೆ ಧಬ್, ಧಬ್ ಅಂತ ನಿಧಾನವಾಗಿ, ಗಟ್ಟಿಯಾಗಿ ಬಡಿಯುತ್ತದೆ. ಮೆಲ್ಲಗೆ ಮೇಲೆತ್ತಿದರೆ ಒಂದು ಜಾಗದಲ್ಲಿ ಬಡಿತ ಬದಲಾಗಿ ಹಕ್ಕಿಯ ಎದೆಯ ಹಾಗೆ ಪಟಪಟ ಅನ್ನುತ್ತದೆ. ಆ ಜಾಗವೇ ದ್ರವದ ಮಟ್ಟ. ಅಲ್ಲಿ ಉಗುರಿನಿಂದ ಗುರುತು ಹಿಡಿದು, ಟೇಪಿನಲ್ಲಿ ಅಳೆದು, ಹಂಡೆಯ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಇಷ್ಟು ಲೀಟರು ಅಂತ ಬರೆದರೆ ಮುಗಿಯಿತು. ನಾಡಿಯಣ್ಣ ಬರೆದದ್ದೇ ಬರೆದದ್ದು. ಮ್ಯಾನೇಜರು ಕೂಡ ಅದನ್ನು ಅಳಿಸಿದವನಲ್ಲ.

ಈ ವಿದ್ಯೆ ಕಲಿಸಿದವನು ಹಳೆಯ ಫೋರ್‌ಮನ್. ಅವನು ಹೋಗಿ ಎಷ್ಟೋ ವರ್ಷವಾಯಿತು. ಕಲಿಸುವಾಗ ಒಂದೇ ಮಾತನ್ನು ನೂರು ಸಲ ಹೇಳುತ್ತಿದ್ದ. "ಹತ್ತು ಉಸಿರು ಕಣೋ. ಹತ್ತು ಉಸಿರಿನಲ್ಲಿ ನಾಡಿ ನೋಡು, ಕೈ ಬಿಡು. ಕೈ ಹಿಡ್ಕೊಂಡೇ ಕೂತ್ರೆ ಅವನು ವೈದ್ಯ ಅಲ್ಲ, ಹೆಣ್ಣು ನೋಡೋಕೆ ಬಂದವನು."

ನಾಡಿಯಣ್ಣ ಆಗ ನಕ್ಕಿದ್ದ. ನಕ್ಕ ಮಾತು ನೆನಪಿನಲ್ಲಿ ಉಳಿಯುತ್ತದೆ, ಬುದ್ಧಿಗೆ ಇಳಿಯುವುದಿಲ್ಲ.

ಅನುಮಾನ ಅವನ ಹುಟ್ಟುಗುಣ. ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಡೆಯುತ್ತಿದ್ದ. ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬೀದಿಯ ತಿರುವಿನಿಂದ ವಾಪಸು ಬಂದು ನಾಲ್ಕನೇ ಸಲ ಎಳೆಯುತ್ತಿದ್ದ. "ನನ್ನ ನೋಡೋಕೆ ಬಂದಾಗ ನನ್ನ ಮುಖ ನೋಡಲಿಲ್ಲ ಈ ಮನುಷ್ಯ," ಅಂತ ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮಪ್ಪನ ಮನೆ ಬಾಗಿಲಿನ ಚಿಲಕ ಅಲ್ಲಾಡಿಸಿ ನೋಡಿದ್ರು."

ಇಂಥವನು ತನ್ನ ಒಬ್ಬಳೇ ಮಗಳನ್ನು ಡಿಪೊದ ಡ್ರೈವರಿಗೆ ಕೊಟ್ಟಿದ್ದ. ಸುಮ್ಮನೆ ಕೊಟ್ಟಿರಲಿಲ್ಲ. ಎರಡು ವರ್ಷ ಅವನ ಗಾಡಿಯ ಹಿಂದೆ ಮುಂದೆ ಸುತ್ತಿ, ಅವನು ಗುಂಡಿ ತಪ್ಪಿಸುವುದನ್ನು, ಬ್ರೇಕು ಒತ್ತುವುದನ್ನು ನೋಡಿ, ಹಂಡೆಯನ್ನು ಇಷ್ಟು ಜೋಪಾನವಾಗಿ ಒಯ್ಯುವವನು ಮಗಳನ್ನೂ ಒಯ್ದಾನು ಅಂತ ತೀರ್ಮಾನ ಮಾಡಿದ್ದ. ಮನೆಯಲ್ಲಿ "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ." ಡಿಪೊದ ಗೇಟು ದಾಟಿದ ಮೇಲೆ "ಲೇ ಡ್ರೈವರ್, ಹಗ್ಗ ಬಿಗಿ." ಅಳಿಯ ಎರಡಕ್ಕೂ "ಆಯ್ತು ಮಾವ" ಅನ್ನುತ್ತಿದ್ದ. ಏಳು ವರ್ಷ ಹೀಗೇ ನಡೆದಿತ್ತು.

ಆಮೇಲೆ ಬರ ಬಂತು. ನೀರಿನದಲ್ಲ, ಹೀಲಿಯಮ್ಮಿನದು.

ಈ ಸರಕನ್ನು ಯಾರೂ ಬೆಳೆಯಲಾಗುವುದಿಲ್ಲ. ನೆಲದೊಳಗೆ ಅಡುಗೆ ಅನಿಲದ ಜೊತೆ ಚೂರುಪಾರು ಸೇರಿಕೊಂಡಿರುತ್ತದೆ, ಅದನ್ನು ಬೇರೆ ಮಾಡುವ ದೊಡ್ಡ ಕಾರ್ಖಾನೆಗಳು ಲೋಕದಲ್ಲಿ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಕೆಟ್ಟು ನಿಂತಿತು. ಇನ್ನೊಂದರ ಹಡಗು ಬಂದರಿನಲ್ಲೇ ಸಿಕ್ಕಿಕೊಂಡಿತು. ಹಡಗು ನಿಂತರೂ ಒಳಗಿನ ಹೀಲಿಯಂ ಕುದಿಯುವುದನ್ನು ನಿಲ್ಲಿಸುತ್ತದೆಯೇ? ದಿನವೂ ಇಷ್ಟಿಷ್ಟು ಆವಿಯಾಗಿ, ಬರುವ ಹೊತ್ತಿಗೆ ತೊಟ್ಟಿಯಲ್ಲಿ ಮುಕ್ಕಾಲು. ಇತ್ತ ಬೇಕು ಅನ್ನುವವರ ಸಾಲು ಬೆಳೆಯುತ್ತಲೇ ಇತ್ತು. ಕಂಪ್ಯೂಟರಿನ ಚಿಪ್ಪು ಮಾಡುವವರಿಗೆ ಬೇಕು, ಇಂಟರ್ನೆಟ್ಟಿನ ಗಾಜಿನ ತಂತಿ ಎಳೆಯುವವರಿಗೆ ಬೇಕು, ಎ.ಸಿ. ಕಾರ್ಖಾನೆಯವರಿಗೆ ತೂತು ಹುಡುಕಲು ಬೇಕು, ಬೆಸುಗೆಯವರಿಗೆ ಬೇಕು, ರಾಕೆಟ್ಟಿನವರಿಗಂತೂ ಬೇಕೇ ಬೇಕು. ಮ್ಯಾನೇಜರು ಗೋಡೆಗೆ ಚೀಟಿ ಅಂಟಿಸಿದ. ಆಸ್ಪತ್ರೆಗೆ ಮೊದಲು, ಬೆಸುಗೆಯವರಿಗೆ ಅರ್ಧ, ಬಲೂನಿನವರಿಗೆ ಇಲ್ಲ.

ಆಸ್ಪತ್ರೆಯಲ್ಲಿ ಮೈಯೊಳಗಿನ ಚಿತ್ರ ತೆಗೆಯುವ ದೊಡ್ಡ ಸ್ಕ್ಯಾನ್ ಯಂತ್ರವಿತ್ತು. ಅದರ ಅಯಸ್ಕಾಂತ ಹೀಲಿಯಮ್ಮಿನಲ್ಲಿ ಮುಳುಗಿರಬೇಕು, ಮಟ್ಟ ಗೆರೆಗಿಂತ ಕೆಳಗಿಳಿದರೆ ಯಂತ್ರ ಸತ್ತಂತೆ. ಈ ಯಂತ್ರ ಹಳೆಯದು, ಕುಡುಕ. ವಾರಕ್ಕೊಂದು ಹಂಡೆ ಬೇಡುತ್ತಿತ್ತು. ಅದನ್ನು ನೋಡಿಕೊಳ್ಳುವ ಟೆಕ್ನಿಷಿಯನ್ನನನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ಏನು ಕೇಳಿದರೂ ಪಾಠ ಹೇಳುತ್ತಿದ್ದ. ಬರ ಬಂದ ಮೇಲೆ ಮೇಷ್ಟ್ರು ಒಂದು ತಕ್ಕಡಿ ತರಿಸಿ, ಬಂದ ಹಂಡೆಯನ್ನೆಲ್ಲ ತೂಗಲು ಶುರು ಮಾಡಿದ.

ಮೊದಲ ವಾರವೇ ಫೋನು ಬಂತು. ಸೀಮೆಸುಣ್ಣದಲ್ಲಿ ಬರೆದದ್ದಕ್ಕಿಂತ ಐದು ಲೀಟರು ಕಡಿಮೆ.

ಐದು ಲೀಟರು ಯಾವಾಗಲೂ ಹೋಗುತ್ತಿತ್ತು. ಕುದಿಯುವ ಸರಕು, ದಾರಿಯಲ್ಲಿ ಅಷ್ಟಾದರೂ ಆವಿಯಾಗದೆ ಇರುತ್ತದೆಯೇ? ಹಿಂದೆ ಯಾರೂ ತೂಗಿರಲಿಲ್ಲ, ಅದಕ್ಕೇ ಯಾರಿಗೂ ಹೊಟ್ಟೆ ಉರಿದಿರಲಿಲ್ಲ. ಆದರೆ ನಾಡಿಯಣ್ಣನ ತಲೆಯೊಳಗೆ ಹುಳ ಹೊಕ್ಕಿತು. ನಾನು ಬರೆದದ್ದು ಸುಳ್ಳಾಗುವುದಿಲ್ಲ. ಹಾಗಾದರೆ ನಡುವೆ ಯಾರದೋ ಕೈ ಇದೆ.

ಆವತ್ತಿನಿಂದ ಅವನು ಹಂಡೆಯನ್ನು ಬಿಟ್ಟು ಅಲುಗಲಿಲ್ಲ. ಮೊದಲು ತುಂಬಿಸಿದಾಗ ಒಂದು ಸಲ ಕೊಳವೆ ಇಳಿಸಿದರೆ ಮುಗಿಯುತ್ತಿತ್ತು. ಈಗ ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ, ಗಾಡಿಗೆ ಏರಿಸುವ ಮುಂಚೆ, ಏರಿಸಿದ ಮೇಲೆ. ಬಸ್ಸು ಹಿಡಿದು ಆಸ್ಪತ್ರೆಗೇ ಹೋಗಿ, ತಕ್ಕಡಿಗೆ ಹತ್ತಿಸುವ ಮುಂಚೆ ಇನ್ನೊಂದು ಸಲ. ಇವೆಲ್ಲ ಬರೆದಿಡುವುದಕ್ಕಲ್ಲ, ಕಳ್ಳನಿಗೆ ಭಯ ಇರಲಿ ಅಂತ. ಹೆಬ್ಬೆರಳನ್ನು ಪೊರೆಯ ಮೇಲಿಟ್ಟು, ಕಣ್ಣನ್ನು ಅಳಿಯನ ಮೇಲಿಟ್ಟು, ಎಷ್ಟೋ ಹೊತ್ತು ಹಾಗೇ ನಿಂತಿರುತ್ತಿದ್ದ. ಒಳಗೆ ಧಬ್, ಧಬ್.

ಎರಡನೇ ವಾರ ಒಂಬತ್ತು ಲೀಟರು ಕಡಿಮೆ ಬಂತು. ಮೂರನೇ ವಾರ ಹದಿನಾಲ್ಕು. "ನೋಡಿದೆಯಾ," ಅಂದ ಹೆಂಡತಿಗೆ, "ಕಳ್ಳನಿಗೆ ಧೈರ್ಯ ಬರ್ತಾ ಇದೆ."

ಆ ಮೂರನೇ ವಾರ ಮೇಷ್ಟ್ರು ತಕ್ಕಡಿಯ ಮುಂದೆ ನಿಂತು ಸಮಾಧಾನ ಮಾಡಲು ನೋಡಿದ. "ಇಷ್ಟಕ್ಕೇ ತಲೆ ಕೆಡಿಸ್ಕೋಬೇಡಿ ನಾಡಿಯಣ್ಣ. ನಾನು ಮುಂಚೆ ಇದ್ದ ಲ್ಯಾಬಿನಲ್ಲಿ ಇದರ ತಮ್ಮ ಒಬ್ಬನಿದ್ದ. ಹೀಲಿಯಂ ಮೂರು ಅಂತ. ತೂಕದಲ್ಲಿ ಇದರ ಮುಕ್ಕಾಲು ಭಾಗ. ಇನ್ನೂ ಥಂಡಿ ಮಾಡೋಕೆ ಅದೇ ಬೇಕು. ನೆಲ ಅಗೆದರೆ ಸಿಗಲ್ಲ, ಬಾಂಬಿಗೆ ಅಂತ ಕೂಡಿಟ್ಟ ಸರಕು ವರ್ಷಗಟ್ಟಲೆ ಸವೆದು ಸವೆದು ಅದಾಗುತ್ತೆ. ಚಿನ್ನಕ್ಕಿಂತ ದುಬಾರಿ."

"ನೋಡೋಕೆ ಇದಕ್ಕಿಂತ ಬೇರೆ ಥರ ಇದೆಯಾ?"

"ಎರಡೂ ಕಾಣಲ್ವಲ್ಲ."

"ವಾಸನೆ?"

"ಎರಡಕ್ಕೂ ಇಲ್ಲ."

"ಮತ್ತೆ ಬೇರೆ ಅಂತ ನಿಮಗೆ ಹೇಳಿ ಮಾರಿದವನು ಯಾರು ಮೇಷ್ಟ್ರೇ?" ಅಂತ ಕೇಳಿದ ನಾಡಿಯಣ್ಣ. "ಅವನನ್ನ ಹಿಡೀರಿ ಮೊದಲು."

ಮೇಷ್ಟ್ರು ತಕ್ಕಡಿಯ ಅಂಕಿ ಬರೆದುಕೊಂಡು ಒಳಗೆ ಹೋದ.

ನಾಡಿಯಣ್ಣ ಡಿಪೊಗೆ ವಾಪಸು ಬಂದವನೇ ಸೀದಾ ಮ್ಯಾನೇಜರ ಕೋಣೆಗೆ ಹೋದ. "ದಾರಿಯಲ್ಲಿ ಏನೋ ನಡೀತಿದೆ ಸಾರ್." ಅಷ್ಟೇ ಹೇಳಿದ, ಹೆಸರೆತ್ತಲಿಲ್ಲ. ಆದರೆ ದಾರಿಯಲ್ಲಿ ಇದ್ದವನು ಒಬ್ಬನೇ. ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಿಮ್ಮ ಅಳಿಯ ಅಲ್ವೇನ್ರೀ ಅವನು?"

"ಗೇಟು ದಾಟಿದ ಮೇಲೆ ಡ್ರೈವರ್ ಸಾರ್."

"ಸರಿ. ಇನ್ನೊಂದು ಸಲ ಹತ್ತಕ್ಕಿಂತ ಜಾಸ್ತಿ ಕಡಿಮೆ ಬಂದ್ರೆ ಆ ಡ್ರೈವರ್‌ನ ಕೆಲಸದಿಂದ ತೆಗೀತೀನಿ. ಆಸ್ಪತ್ರೆಯವರು ಪೊಲೀಸ್ ಅಂತಿದಾರೆ. ಆಮೇಲೆ ನನ್ನ ಹತ್ರ ಬಂದು ಅಳಿಯ, ಮಗಳು ಅನ್ನಬಾರದು."

ನಾಡಿಯಣ್ಣ ಹೂಂ ಅಂದ. ಹೊರಗೆ ಬಂದು ಕೊಳಾಯಿಯಲ್ಲಿ ಮುಖ ತೊಳೆದುಕೊಂಡ. ತೊಳೆದಷ್ಟೂ ಮುಖ ಬೆವರುತ್ತಿತ್ತು.

ಆ ಭಾನುವಾರ ಮೊಮ್ಮಗಳ ಹುಟ್ಟಿದ ದಿನ. ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಮಗಳ ಮನೆಗೆ ಹೋದರು. ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿದ ಮಡಚುವ ಮಂಚ, ಕಿಟಕಿಯಲ್ಲಿ ಒಣಗಲು ಹಾಕಿದ ಡ್ರೈವರಿನ ಖಾಕಿ ಅಂಗಿ. ಮಗು ಓಡಿ ಬಂದು ತಾತನ ಕಾಲು ತಬ್ಬಿಕೊಂಡಿತು. ತಾತ ಬಗ್ಗಿ ಎತ್ತಿಕೊಂಡವನು ಹಾಗೇ ಮೇಲೆ ನೋಡಿದ.

ಸೂರಿಗೆ ತಾಗಿಕೊಂಡು ಒಂದು ಕೆಂಪು ಬಲೂನು ನಿಂತಿತ್ತು. ದಾರ ಕೆಳಗೆ ಇಳಿಬಿದ್ದಿತ್ತು.

ಊರಿನ ಯಾವ ಬಲೂನಿನವನ ಹತ್ತಿರವೂ ಎರಡು ತಿಂಗಳಿಂದ ಹೀಲಿಯಂ ಇಲ್ಲ. ಬಾಯಲ್ಲಿ ಊದಿದ ಬಲೂನು ನೆಲ ಬಿಟ್ಟು ಏಳುವುದಿಲ್ಲ. ಇದು ಸೂರಿಗೆ ಮುತ್ತಿಡುತ್ತಿದೆ.

"ಎಲ್ಲಿಂದ ಬಂತು ಇದು?"

ಅಳಿಯ ಕುರ್ಚಿ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ಸಿಕ್ತು ಮಾವ."

"ಸಿಕ್ಕೋಕೆ ಅದೇನು ದಾರೀಲಿ ಬಿದ್ದಿತ್ತಾ? ಬೀಳೋ ಜಾತಿನೇ ಅಲ್ವಲ್ಲ ಅದು."

ಹೆಂಡತಿ ಮೊಣಕೈಯಲ್ಲಿ ತಿವಿದಳು. ನಾಡಿಯಣ್ಣ ಕೇಳಬೇಕಲ್ಲ! ಕುರ್ಚಿ ಹತ್ತಿದ, ಬಲೂನನ್ನು ಎಳೆದು ಗಂಟು ಮೂಸಿ ನೋಡಿದ. ವಾಸನೆಯಿಲ್ಲದ ಸರಕನ್ನು ಮೂಸಿದರೆ ರಬ್ಬರಿನ ವಾಸನೆ ಬರುತ್ತದೆ, ಅಷ್ಟೇ. ಆದರೂ ಅವನಿಗೆ ಏನೋ ಖಾತ್ರಿಯಾದಂತೆ ತಲೆಯಾಡಿಸಿದ. ಮಗಳು ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಎಲ್ಲವನ್ನೂ ನೋಡಿದಳು. "ಅಪ್ಪಾ, ಕುರ್ಚಿ ಇಳೀರಿ," ಅಂದಳು. ದನಿ ತಣ್ಣಗಿತ್ತು. ಅಪ್ಪ ಇಳಿದ. ಊಟ ಮುಗಿಯುವವರೆಗೆ ಯಾರೂ ನಗಲಿಲ್ಲ. ಮಗು ಮಾತ್ರ ದಾರ ಎಳೆದು ಬಿಟ್ಟು, ಎಳೆದು ಬಿಟ್ಟು ನಗುತ್ತಿತ್ತು.

ಸೋಮವಾರ ಬೆಳಿಗ್ಗೆ ಹಂಡೆ ಗಾಡಿಯ ಮೇಲೆ ನಿಂತಿತ್ತು, ಹೊಟ್ಟೆಯ ಮೇಲೆ ಇನ್ನೂರ ನಲವತ್ತು ಅಂತ ಬರೆದಿತ್ತು. ತೆರೆದ ಗಾಡಿ, ಮೇಲೊಂದು ಟಾರ್ಪಾಲಿನ ಮರೆ. ನಾಡಿಯಣ್ಣ ಕೊಳವೆ ಹಿಡಿದು ಹಿಂದೆ ಹತ್ತಿ ಕೂತ.

"ಮಾವ, ನೀವು ಎಲ್ಲಿಗೆ?"

"ನಿನ್ನ ಜೊತೆ. ದಾರಿ ಉದ್ದಕ್ಕೂ." ಕೊಳವೆಯನ್ನು ಹಂಡೆಗೆ ಇಳಿಸಿ, ಕುತ್ತಿಗೆಯ ತಿರುಪು ಬಿಗಿದು, ಪೊರೆಯ ಮೇಲೆ ಹೆಬ್ಬೆರಳಿಟ್ಟ. ಅವನ ಉಪಾಯ ಇಷ್ಟೇ. ದಾರಿಯಲ್ಲಿ ಯಾರು ಯಾವ ವಾಲ್ವು ಕೂದಲಷ್ಟು ತಿರುಗಿಸಿದರೂ ಬಡಿತ ಬದಲಾಗುತ್ತದೆ, ಬೆರಳಿಗೆ ತಿಳಿಯುತ್ತದೆ.

"ಕೊಳವೆ ತೆಗೀರಿ. ಗಾಡಿ ಓಡುವಾಗ ಹಾಕಿಡಬಾರದು ಅಂತ ನೀವೇ ಕಲಿಸಿದ್ದು."

"ಯಾಕೆ, ಭಯನಾ?" ಅಂದ ನಾಡಿಯಣ್ಣ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ?"

ಅಳಿಯನ ಮುಖ ಕೆಂಪಾಯಿತು. ಹೋಗಿ ಸ್ಟೇರಿಂಗಿನ ಮುಂದೆ ಕೂತ. ಗಾಡಿ ಹೊರಟಿತು.

ಧಬ್, ಧಬ್, ಧಬ್. ಕಾರ್ಖಾನೆಗಳ ಬೀದಿ ದಾಟಿತು, ಬಸ್ ನಿಲ್ದಾಣ ದಾಟಿತು, ಕೆಟ್ಟ ರಸ್ತೆ ಬಂತು. ಅಳಿಯ ಗುಂಡಿಗಳನ್ನು ತಪ್ಪಿಸಿ ತಪ್ಪಿಸಿ ಓಡಿಸಿದ. ನಾಡಿಯಣ್ಣನ ಬೆರಳು ಜೋಮು ಹಿಡಿಯಿತು, ಎಡಗೈ ಹೆಬ್ಬೆರಳಿಟ್ಟ. ಹಂಡೆಯ ಕುತ್ತಿಗೆಗೆ ಬಿಳಿ ಹಿಮ ಕಟ್ಟಿಕೊಳ್ಳುತ್ತಿತ್ತು. ಅವನು ಅದನ್ನು ನೋಡಲಿಲ್ಲ, ಅವನ ಕಣ್ಣು ಮುಂದಿನ ಕನ್ನಡಿಯಲ್ಲಿ ಕಾಣುತ್ತಿದ್ದ ಅಳಿಯನ ಹುಬ್ಬಿನ ಮೇಲಿತ್ತು. ಕಾಮಾಲೆ ಕಣ್ಣಿಗೆ ಹಿಮವೂ ಹಳದಿ.

ಒಂದು ಗಂಟೆಯಾದ ಮೇಲೆ ಮೇಲ್ಸೇತುವೆಯ ಬುಡದಲ್ಲಿ ಗಾಡಿ ನಿಂತಿತು. ಎದುರಿಗೇ ಬಲೂನು ಅಂಗಡಿ!

ನಾಡಿಯಣ್ಣನ ಎದೆ ಹಂಡೆಗಿಂತ ಜೋರಾಗಿ ಬಡಿಯಿತು. "ಇಲ್ಲೇನು ಕೆಲಸ ನಿಂಗೆ?"

"ಪ್ರತಿ ಸಲ ಇಲ್ಲೇ ನಿಲ್ಲಿಸೋದು," ಅಂತ ಅಳಿಯ ಇಳಿದು ಬಂದ. "ಕೆಟ್ಟ ರಸ್ತೇಲಿ ಕುಲುಕಿ ಮುಳ್ಳು ಮೇಲೇರಿರುತ್ತೆ. ಹತ್ತು ನಿಮಿಷ ಬಿಟ್ರೆ ಇಳಿಯುತ್ತೆ. ಆಮೇಲೆ ಸೇತುವೆ ಹತ್ತಿಸ್ತೀನಿ."

ಅಷ್ಟರಲ್ಲಿ ಅಂಗಡಿಯವನು ಬಾಗಿಲಿಗೆ ಬಂದ. ಅವನ ಹಿಂದೆ ಮೂರು ಖಾಲಿ ಸಿಲಿಂಡರುಗಳು ಧೂಳು ತಿನ್ನುತ್ತಾ ಬಿದ್ದಿದ್ದವು. ಬಲೂನುಗಳನ್ನೆಲ್ಲ ಕೈಪಂಪಿನಲ್ಲಿ ಊದಿ, ಕಡ್ಡಿಗೆ ಸಿಕ್ಕಿಸಿ, ಹೂವಿನ ಗಿಡದ ಹಾಗೆ ಡಬ್ಬಿಯಲ್ಲಿ ನಿಲ್ಲಿಸಿದ್ದ. ಒಂದಾದರೂ ಹಾರುವ ಬಲೂನು ಇರಲಿಲ್ಲ.

"ಏನ್ ಡ್ರೈವರ್ ಸಾರ್," ಅಂತ ಅವನು ಕಿವಿ ಮುಚ್ಚಿಕೊಂಡು ಕೂಗಿದ, "ಯಾವಾಗ್ಲೂ ಮಲಗಿರೋ ಮಗು ಥರ ಬರ್ತಿತ್ತು ನಿಮ್ಮ ಹಂಡೆ. ಇವತ್ತೇನು ಹಿಂಗೆ ಕಿರುಚ್ತಿದೆ?"

ಆಗ ನಾಡಿಯಣ್ಣನಿಗೆ ಕೇಳಿಸಿತು. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿನಲ್ಲಿ ಮುಚ್ಚಿಹೋಗಿದ್ದ ಸದ್ದು. ಪಕ್ಕದ ವಾಲ್ವು ಸುಂಯ್ ಅಂತ ಕಿರುಚುತ್ತಿತ್ತು. ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು.

ಹತ್ತು ನಿಮಿಷ ಕಾದರು. ಮುಳ್ಳು ಇಳಿಯಲಿಲ್ಲ. ಅಳಿಯ ಗಾಡಿ ಹತ್ತಿದ, ಮಾವನ ಕೈಯನ್ನು ಸರಿಸಿದ, ತಿರುಪು ಸಡಿಲಿಸಿ ಕೊಳವೆಯನ್ನು ಮೇಲಕ್ಕೆಳೆದು ತೆಗೆದ, ಕುತ್ತಿಗೆ ಮುಚ್ಚಿದ. ಕಿರುಚಾಟ ಮೆಲ್ಲಮೆಲ್ಲಗೆ ತಗ್ಗಿತು. ಸ್ವಲ್ಪ ಹೊತ್ತಿಗೆ ಪಿಸುಮಾತಾಯಿತು. ಮುಳ್ಳು ಕೆಳಗೆ ಬಂತು.

"ಯಾರನ್ನ ಕೇಳಿ ತೆಗೆದೆ?" ಅಂತ ನಾಡಿಯಣ್ಣ ಸಿಡಿದು, ಕೊಳವೆಯನ್ನು ಕಿತ್ತುಕೊಂಡು ಮತ್ತೆ ಇಳಿಸಿದ. ಧಬ್, ಧಬ್. ಸುಂಯ್ ಶುರುವಾಯಿತು. ಮುಳ್ಳು ಏರಿತು.

ತೆಗೆದ. ಇಳಿಯಿತು.

ಮೂರನೇ ಸಲ ಇಳಿಸಲು ಕೊಳವೆ ಎತ್ತಿದವನು ಅಲ್ಲೇ ನಿಂತ. ಅದರ ತುದಿಯಲ್ಲಿ ಬಿಸಿಲಿಗೆ ಗಾಳಿಯೇ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಹಳೆಯ ಫೋರ್‌ಮನ್ ಎದುರಿಗೆ ಬಂದು ನಿಂತಂತಾಯಿತು. ಹತ್ತು ಉಸಿರು ಕಣೋ. ಹತ್ತು ಉಸಿರಿನಲ್ಲಿ ನೋಡು, ಕೈ ಬಿಡು.

ಒಂದು ಸಲ ನೋಡುವ ಕಡೆ ಐದಾರು ಸಲ. ಹತ್ತು ಉಸಿರಿನ ಕಡೆ ಕಾಲು ಗಂಟೆ. ಇವತ್ತು ಒಂದು ಗಂಟೆ ಪೂರ್ತಿ. ಐದು, ಒಂಬತ್ತು, ಹದಿನಾಲ್ಕು. ಕಳ್ಳನಿಗೆ ಧೈರ್ಯ ಬಂದಿರಲಿಲ್ಲ, ನಾಡಿಯಣ್ಣನಿಗೆ ಅನುಮಾನ ಬಲಿತಿತ್ತು, ಅಷ್ಟೇ. ಕಾಯುವ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವನು ಅಳಿಯನ ಮುಖ ನೋಡಿದ. ಅಳಿಯನಿಗೂ ಅರ್ಥವಾಗಿತ್ತು. ಒಂದು ಬೈಗುಳ ಬಂದಿದ್ದರೆ ನಾಡಿಯಣ್ಣ ತಿರುಗಿ ಬೈದು ಹಗುರಾಗುತ್ತಿದ್ದ. ಬರಲಿಲ್ಲ.

"ಕೂತ್ಕೊಳ್ಳಿ ಯಜಮಾನ್ರೇ," ಅಂದ ಅಳಿಯ. "ಸೇತುವೆ ಹತ್ತಿಸ್ತೀನಿ."

ಏಳು ವರ್ಷದಲ್ಲಿ ಮೊದಲ ಸಲ ಮಾವ ಅನ್ನಲಿಲ್ಲ.

ಆಸ್ಪತ್ರೆಯ ತಕ್ಕಡಿ ಇಪ್ಪತ್ತಾರು ಲೀಟರು ಕಡಿಮೆ ತೋರಿಸಿತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡ. ಯಂತ್ರದ ಮಟ್ಟ ಗೆರೆಗಿಂತ ಎರಡು ಬೆರಳು ಮೇಲೆ ಉಳಿದಿತ್ತು, ಈ ವಾರ ಹೇಗೋ ದಾಟುತ್ತದೆ ಅಂದ. ನಾಡಿಯಣ್ಣ ಅವನನ್ನು ಮೂಲೆಗೆ ಕರೆದು ಕೇಳಿದ, "ಮೇಷ್ಟ್ರೇ, ಕೊಳವೆ ಒಳಗೇ ಬಿಟ್ಟರೆ ಏನಾಗುತ್ತೆ?"

"ಅಯ್ಯೋ, ಬಿಟ್ಟಾರಾ ಯಾರಾದ್ರೂ? ಆ ಬಡಿತ ಇದೆಯಲ್ಲ, ಅದು ಸುಮ್ಮನೆ ಬಡಿಯಲ್ಲ. ಮೇಲಿನ ಬಿಸಿಯನ್ನ ಕೆಳಗೆ ಪಂಪು ಮಾಡುತ್ತೆ. ನಮ್ಮ ಲ್ಯಾಬಿನಲ್ಲಿ ಒಬ್ಬ ಮರೆತು ಊಟಕ್ಕೆ ಹೋಗಿದ್ದ. ಬರೋ ಹೊತ್ತಿಗೆ ಪಾತ್ರೆ ಪೂರ್ತಿ ಖಾಲಿ." ಮೇಷ್ಟ್ರು ಕಣ್ಣು ಕಿರಿದು ಮಾಡಿದ. "ಯಾಕೆ ಕೇಳಿದ್ರಿ?"

"ಸುಮ್ಮನೆ."

ವಾಪಸು ಬರುವಾಗ ಅವನು ಮುಂದೆ, ಅಳಿಯನ ಪಕ್ಕದಲ್ಲೇ ಕೂತಿದ್ದ. ಒಂದೂವರೆ ಗಂಟೆಯ ದಾರಿ. ಯೋಚನೆ ಮಾಡಲು ಸಮಯ ಧಾರಾಳವಾಗಿತ್ತು. ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ? ಮ್ಯಾನೇಜರು ಅಳಿಯನನ್ನು ತೆಗೆಯುತ್ತಾನೆ. ಕಳ್ಳ ಅಂತ ಹಣೆಪಟ್ಟಿ ಹತ್ತಿದ ಡ್ರೈವರಿಗೆ ಯಾವನು ಗಾಡಿ ಕೊಡುತ್ತಾನೆ? ಬಾಯಿ ಬಿಟ್ಟರೆ ನಾಡಿಯಣ್ಣ ಅನ್ನುವ ಹೆಸರೇ ಹೋಗುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಸಂಪಾದಿಸಿದ್ದು ಅದೊಂದೇ. ಅಳಿಯನಾದರೂ ಬಾಯಿ ಬಿಡುತ್ತಾನೋ ಅಂತ ಓರೆಗಣ್ಣಿನಲ್ಲಿ ನೋಡಿದ. ಅಳಿಯ ರಸ್ತೆ ನೋಡುತ್ತಿದ್ದ. ಇವನು ಬೇಕಂತಲೇ ಸುಮ್ಮನಿದ್ದಾನೆ, ನನ್ನನ್ನು ತೂಗಿ ನೋಡುತ್ತಿದ್ದಾನೆ ಅಂತ ನಾಡಿಯಣ್ಣನಿಗೆ ಅನುಮಾನ ಬಂತು. ಆ ಅನುಮಾನವೇನೋ ನಿಜವಾಗಿತ್ತು.

ಮ್ಯಾನೇಜರ ಮೇಜಿನ ಮೇಲೆ ಆಸ್ಪತ್ರೆಯ ಫೋನಿನ ಸುದ್ದಿ ಮೊದಲೇ ಬಂದು ಕೂತಿತ್ತು. "ಇಪ್ಪತ್ತಾರು!" ಅಂತ ಅವನು ಕಾಗದ ಮುಂದೆ ತಳ್ಳಿದ. "ಡ್ರೈವರ್, ಇಲ್ಲಿ ಸಹಿ ಮಾಡು. ಗಾಡಿ ಕೀಲಿ ಇಡು."

ಅಳಿಯ ಜೇಬಿನಿಂದ ಕೀಲಿ ತೆಗೆದ. ಮೇಜಿನ ಮೇಲೆ ಇಟ್ಟ. ಪೆನ್ನು ತೆಗೆದುಕೊಂಡ.

"ಇಡ್ರೀ ಪೆನ್ನು!" ಅಂತ ನಾಡಿಯಣ್ಣ ಗುಡುಗಿದ. ಮ್ಯಾನೇಜರು ಬೆಚ್ಚಿಬಿದ್ದ. "ಸಾರ್, ಕುಡಿದದ್ದು ನಾನು."

"ಏನು ಕುಡಿದ್ರಿ?"

"ಹಂಡೆ. ಈ ಹೆಬ್ಬೆರಳು ಕುಡೀತು. ಕಳ್ಳನ್ನ ಹಿಡೀತೀನಿ ಅಂತ ಕೊಳವೆ ಒಳಗೇ ಇಟ್ಕೊಂಡು ಕೂತೆ. ಇವತ್ತು ದಾರಿ ಉದ್ದಕ್ಕೂ ಇಟ್ಟಿದ್ದೆ. ನಾಡಿ ನೋಡ್ತಾ ನೋಡ್ತಾ ನಾನೇ ಜ್ವರ ಬರಿಸಿದೆ ಸಾರ್. ನಂಬಿಕೆ ಇಲ್ಲ ಅಂದ್ರೆ ಮುಂದಿನ ಹಂಡೆಗೆ ಒಂದೇ ಸಲ ಕೊಳವೆ ಹಾಕಿ ಕಳಿಸಿ. ಐದಕ್ಕಿಂತ ಜಾಸ್ತಿ ಕಡಿಮೆ ಬಂದ್ರೆ ನನ್ನನ್ನೇ ತೆಗೀರಿ. ಮೇಷ್ಟ್ರನ್ನ ಕೇಳಿ. ಬಲೂನು ಅಂಗಡಿಯವನನ್ನ ಕೇಳಿ."

ಮ್ಯಾನೇಜರು ಇಬ್ಬರ ಮುಖವನ್ನೂ ನೋಡಿದ. ಮೇಷ್ಟ್ರಿಗೆ ಫೋನು ಹಚ್ಚಿದ, ಎರಡು ನಿಮಿಷ ಹೂಂ ಹೂಂ ಅಂದ, ಇಟ್ಟ. ಕಾಗದ ಹರಿಯಲಿಲ್ಲ, ಮಡಚಿ ಡ್ರಾಯರಿಗೆ ಹಾಕಿದ.

"ನಾಳೆಯಿಂದ ಇಲ್ಲೂ ತಕ್ಕಡಿ," ಅಂದ. "ಕೊಳವೆ ಕಪಾಟಿನಲ್ಲಿರಲಿ. ನೀವು ಗೇಟಿಗೆ ಹೋಗಿ ಕೂತ್ಕೊಳ್ಳಿ. ಅಲ್ಲಿಗೆ ಅನುಮಾನ ಇರೋ ಮನುಷ್ಯರೇ ಬೇಕು."

ಹೊರಗೆ ಬರುವಾಗ ಅಳಿಯ ಕೀಲಿ ಎತ್ತಿಕೊಂಡ. ಮಾವನ ಕಡೆ ತಿರುಗಲಿಲ್ಲ.

ಸಂಜೆ ನಾಡಿಯಣ್ಣ ಒಬ್ಬನೇ ಮಗಳ ಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ಮಗಳು ಒಳಗೆ ಕರೆಯಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಗಂಡನಿಂದ ಎಲ್ಲ ತಿಳಿದಿತ್ತು ಅಂತ ಅವಳ ಕೈಯಲ್ಲಿ ಪಾತ್ರೆಗಳು ಬೀಳುವ ಸದ್ದೇ ಹೇಳುತ್ತಿತ್ತು.

"ಒಂದು ಲೀಟರು ದ್ರವ ಗಾಳಿಯಾದರೆ ಏಳುನೂರು ಲೀಟರು ಅಂತ ಚಿಕ್ಕವಳಿದ್ದಾಗ ನನಗೆ ಹೇಳಿಕೊಟ್ಟವರು ಯಾರಪ್ಪಾ?" ಅಂದಳು ಕೊನೆಗೆ. "ಹದಿನಾಲ್ಕು ಲೀಟರು ಕದ್ದಿದ್ರೆ ಏಳುನೂರು ಬಲೂನು ಆಗ್ತಿತ್ತು. ಎಲ್ಲಿ ಬಚ್ಚಿಟ್ಟಿದ್ರು ಅಂದ್ಕೊಂಡ್ರಿ? ಮಂಚದ ಕೆಳಗಾ?"

"ಹಾಗಾದ್ರೆ ಈ ಒಂದು ಎಲ್ಲಿಂದ ಬಂತು?" ಅಂದುಬಿಟ್ಟ ನಾಡಿಯಣ್ಣ. ನಾಲಿಗೆ ಕಚ್ಚಿಕೊಂಡ. ಹುಟ್ಟುಗುಣ!

ಮಗಳು ಪಾತ್ರೆ ಕೆಳಗಿಟ್ಟಳು. ಉತ್ತರ ಬಂದದ್ದು ಒಳಗಿನ ಕೋಣೆಯಿಂದ.

"ಅದು ಕದ್ದಿದ್ದೇ," ಅಂದ ಅಳಿಯ, ಅಂಗಿಯ ಗುಂಡಿ ಹಾಕುತ್ತಾ ಬಾಗಿಲಿಗೆ ಬಂದು. "ಆಸ್ಪತ್ರೆಯಿಂದ ಖಾಲಿ ಹಂಡೆ ವಾಪಸು ತರುವಾಗ ತಳದಲ್ಲಿ ಉಳಿದಿದ್ದು ಹೇಗೂ ಹೊರಗೆ ಹೋಗ್ತಾ ಇರುತ್ತೆ. ವಾಲ್ವಿನ ಬಾಯಿಗೆ ಬಲೂನು ಕಟ್ಟಿದೆ. ಮಗು ಕೇಳಿತ್ತು. ಎರಡು ಚಮಚದಷ್ಟು. ಮ್ಯಾನೇಜರಿಗೆ ಹೇಳೋದಾದ್ರೆ ಹೇಳಿ."

ಮೊಮ್ಮಗಳು ಬಂದು ತಾತನ ಪ್ಯಾಂಟು ಎಳೆಯಿತು. "ತಾತಾ, ನೋಡು. ಬಲೂನು ಕೆಳಗೆ ಬಂದ್ಬಿಡ್ತು."

ಬಲೂನು ಸೂರು ಬಿಟ್ಟು, ಗೋಡೆಯ ನಡುವಿನವರೆಗೆ ಇಳಿದು, ಸೊರಗಿದ ಮುಖ ಮಾಡಿಕೊಂಡು ತೇಲುತ್ತಿತ್ತು. ನಾಡಿಯಣ್ಣ ಅದನ್ನು ಹಿಡಿದು ಗಂಟು ನೋಡಿದ. ಬಿಗಿಯಾಗಿದೆ. ತೂತಿಲ್ಲ. ಒದ್ದೆ ಬೆರಳು ಸವರಿದ, ಗುಳ್ಳೆ ಬರಲಿಲ್ಲ.

"ಯಾರು ತಗೊಂಡ್ರು ತಾತಾ ಗಾಳಿ?"

"ಯಾರೂ ತಗೊಂಡಿಲ್ಲ ಮರಿ." ಹೇಳಿದ, ಆದರೆ ಮನಸ್ಸು ಒಪ್ಪಲಿಲ್ಲ. ಹೆಬ್ಬೆರಳನ್ನು ರಬ್ಬರಿನ ಮೇಲಿಟ್ಟು, ಕಣ್ಣು ಮುಚ್ಚಿ, ಹಾಗೇ ನಿಂತ. ಬಡಿತವೇನೂ ಇರಲಿಲ್ಲ. ಇದ್ದರೂ ಇರಬಹುದು ಅಂತ ಇನ್ನಷ್ಟು ಒತ್ತಿದ. ಹತ್ತು ಉಸಿರಾಯಿತು, ಇಪ್ಪತ್ತಾಯಿತು.

ಅಳಿಯ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ. ಬಲೂನು ಬೆರಳಿನ ಕೆಳಗೆ ಮೆತ್ತಗಾಗುತ್ತಿತ್ತು.

"ಬೆರಳು ತೆಗೀರಿ ಮಾವ," ಅಂದ ಕೊನೆಗೆ. "ಅದುಮಿದಷ್ಟೂ ಬೇಗ ಹೋಗುತ್ತೆ."